ಮಂಡಿ ಆಫೀಸಿನ ಹಳೇ ನೆಟ್‌ವರ್ಕು: ಏನು ಉಳಿಸಿದೆ, ಏನು ಕಿತ್ತು ಹಾಕಿದೆ

ಶಿವಮೊಗ್ಗದಲ್ಲಿ ನಾನು ನೋಡ್ಕೊಳ್ಳೋ ಆಫೀಸುಗಳಲ್ಲಿ ಒಂದು ಅಡಿಕೆ ಮಂಡಿ. ಮುಂದುಗಡೆ ಆಫೀಸು, ಹಿಂದೆ ಅಂಗಳ, ಅಂಗಳ ದಾಟಿದ್ರೆ ಗೋಡೌನು. ಸರ್ವರ್ ಸೇರಿ ಒಂಬತ್ತು ಕಂಪ್ಯೂಟರು, ಮೂರು ಪ್ರಿಂಟರು, ಬೆರಳಚ್ಚಿನ ಹಾಜರಿ ಮಷೀನು, ಎಂಟು ಕ್ಯಾಮೆರಾ. ನೆಟ್‌ವರ್ಕ್ ಹಾಕಿದ್ದು 2009ರಲ್ಲಿ, ಆಮೇಲೆ ಯಾರಿಗೆ ಏನು ತೋಚ್ತೋ ಅದನ್ನ ಅಂಟಿಸ್ಕೊಂಡು ಬಂದಿದ್ದಾರೆ. ಒಂದು ವರ್ಷದಿಂದ ಅಲ್ಲಿ ಇದ್ದ ಕಾಟ ಏನಂದ್ರೆ ಇ-ಟೆಂಡರ್ (ಅಡಿಕೆಗೆ ಆನ್‌ಲೈನಲ್ಲಿ ರೇಟು ಹಾಕೋದು) ಹಾಕೋ ಹೊತ್ತಿಗೆ ಸರಿಯಾಗಿ ಇಡೀ ಆಫೀಸಿನ ನೆಟ್ ಒಂದು ನಿಮಿಷ ಸತ್ತು ಮತ್ತೆ ಬರೋದು, ಮಧ್ಯಾಹ್ನ ಒಂದೂವರೆ ಆದ್ಮೇಲೆ ಲೆಕ್ಕದ ಸಾಫ್ಟ್‌ವೇರ್ ಸ್ಕ್ರೀನು ಬೆಳ್ಳಗಾಗಿ ನಿಂತುಬಿಡೋದು. ಸೊರಬ, ಸಾಗರ ಕಡೆಯಿಂದ ರಾಶಿ ಇಡಿ ಅಡಿಕೆ ತಂದು ಮಾರಿದ ರೈತರು ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬರದೇ, ಬಸ್ಸಿಗೆ ಹೊತ್ತಾಯ್ತು ಅಂತ ಪ್ರಿಂಟರ್ ಮುಂದೆ ನಿಂತಿರೋದನ್ನ ನಾನೇ ಕಣ್ಣಾರೆ ನೋಡಿದೀನಿ, ತುಂಬಾ ಬೇಜಾರಾಗತ್ತೆ.

ಯಜಮಾನ್ರು ಹೊರಗಡೆಯಿಂದ ಒಂದು ಕೊಟೇಷನ್ ತರಿಸಿದ್ರು. ಹೊಸ ರ‍್ಯಾಕು, 24 ಪೋರ್ಟಿನ ದೊಡ್ಡ ಸ್ವಿಚ್ಚು (ಎಲ್ಲಾ ಕಂಪ್ಯೂಟರಿನ ಕೇಬಲ್ ಚುಚ್ಚಿ ಒಂದಕ್ಕೊಂದು ಜೋಡಿಸೋ ಡಬ್ಬ, ಪೋರ್ಟ್ ಅಂದ್ರೆ ಕೇಬಲ್ ಚುಚ್ಚೋ ಜಾಗ), ಗೋಡೆ ಎಲ್ಲಾ ಒಡೆದು ಹೊಸ ಕ್ಯಾಟ್ 6 ಕೇಬಲ್ಲು, ಹೊಸ ರೌಟರು, ಎಲ್ಲಾ ಸೇರಿ 1,60,000 ರೂಪಾಯಿ ಚಿಲ್ಲರೆ. ಕೊಟೇಷನ್ ಕೊಟ್ಟವರು ಒಂದೇ ಒಂದು ಪೋರ್ಟನ್ನೂ ಅಳತೆ ಮಾಡಿರ್ಲಿಲ್ಲ, "ಹಳೇದಾಯ್ತು ಸಾರ್, ಎಲ್ಲಾ ಚೇಂಜ್ ಮಾಡ್ಬೇಕು" ಅಂದಿದ್ರು ಅಷ್ಟೇ. ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ಳೋಕಾಗತ್ತಾ. ಯಜಮಾನ್ರು ನನ್ನ ಕರೆದು "ಪೂರ್ತಿ ತೆಗೀಬೇಕಾ, ಇಲ್ಲಾ ಇದ್ದಿದ್ದನ್ನೇ ರಿಪೇರಿ ಮಾಡ್ಬೋದಾ, ನೀನು ನೋಡಿ ಹೇಳು" ಅಂದ್ರು. ಆಷಾಢದಲ್ಲಿ ಮಾಲು ಬರೋದು ಕಮ್ಮಿ, ಹತ್ತು ದಿನ ಕೊಡಿ ಅಂದೆ.

ಮೊದಲನೇ ದಿನ ಸ್ಕ್ರೂಡ್ರೈವರ್ ಮುಟ್ಲೇ ಇಲ್ಲ, ಒಂದು ನೋಟ್‌ಬುಕ್ಕು, ಒಂದು ಲ್ಯಾಪ್‌ಟಾಪು ಅಷ್ಟೇ. ಪ್ರತಿ ಡಬ್ಬಕ್ಕೂ ನಾಲ್ಕು ವಿಷಯ ಬರ್ಕೊಂಡೆ: ಯಾವ ವರ್ಷದ್ದು, ಎಷ್ಟು ಸ್ಪೀಡು, ಕೊನೇ ಫರ್ಮ್‌ವೇರ್ (ಡಬ್ಬದೊಳಗೆ ಓಡೋ ಸಾಫ್ಟ್‌ವೇರ್) ಬಂದಿದ್ದು ಯಾವಾಗ, ಇದು ನಾಳೆ ಸತ್ರೆ ಯಾರ ಕೆಲಸ ನಿಲ್ಲತ್ತೆ. ಈ ನಾಲ್ಕನೇದು ಮುಖ್ಯ. ಎಷ್ಟೋ ಜನ ವಯಸ್ಸು ನೋಡಿ ನಿರ್ಧಾರ ಮಾಡ್ತಾರೆ, ನನ್ನ ಪ್ರಕಾರ ವಯಸ್ಸು ಕೊನೇಗೆ ನೋಡೋ ಸಂಗತಿ.

ಆಮೇಲೆ ಅಳತೆ. ಸರ್ವರಲ್ಲಿ ನೆಟ್‌ವರ್ಕ್ ಸ್ಪೀಡ್ ಅಳೆಯೋ ಐಪರ್ಫ್3 ಅನ್ನೋ ಸಾಫ್ಟ್‌ವೇರ್ ಓಡಿಸಿಟ್ಟು ಎಂಟೂ ಕಂಪ್ಯೂಟರ್ ಹತ್ರ ಒಂದೊಂದಾಗಿ ಹೋಗಿ ಕೂತೆ. ಹಳೇ ಸ್ವಿಚ್ಚು 100 ಎಂಬಿಪಿಎಸ್‌ದು (ಸೆಕೆಂಡಿಗೆ 100 ಮೆಗಾಬಿಟ್), ಅಂಥದ್ರಲ್ಲಿ ಎಲ್ಲಾ ಸರಿ ಇದ್ರೆ 94ರ ಹತ್ರ ಬರ್ಬೇಕು, ಬಾಕಿದು ಡೇಟಾ ಪ್ಯಾಕೆಟ್ಟಿನ ಮೇಲೆ ವಿಳಾಸ ಬರೆಯೋ ಹೆಡರಿಗೇ ಹೋಗತ್ತೆ. ಆರು ಕಂಪ್ಯೂಟರಲ್ಲಿ 94 ಬಂತು. ಒಂದರಲ್ಲಿ 61, ಅದೂ ಒಂದ್ಸಲ 40 ಇನ್ನೊಂದ್ಸಲ 70 ಅಂತ ಕುಣೀತಾ ಇತ್ತು. ಇನ್ನೊಂದರಲ್ಲಿ ಲಿಂಕೇ 10 ಎಂಬಿಪಿಎಸ್ ತೋರಿಸ್ತಿತ್ತು. ಅಂದ್ರೆ ಎಂಟರಲ್ಲಿ ಎರಡು ಕಡೆ ಮಾತ್ರ ರೋಗ ಇರೋದು, ಬಾಕಿ ಆರಕ್ಕೆ ಸ್ವಿಚ್ಚಿನ ಮಿತಿ ಬಿಟ್ರೆ ಬೇರೆ ಏನೂ ತೊಂದ್ರೆ ಇಲ್ಲ.

ಮಧ್ಯಾಹ್ನದ ಬಿಳೀ ಸ್ಕ್ರೀನಿನ ಗುಟ್ಟು ಅವತ್ತೇ ಸಿಕ್ತು. ರಾತ್ರಿ ಮಂಡಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸಿ ಹೋಗ್ತಾರೆ, ಬೆಂಕಿ ಭಯ, ಗೋಣಿಚೀಲ ತುಂಬಿರೋ ಜಾಗ ಅದು, ಹಾಗಾಗಿ ಬ್ಯಾಕಪ್ಪನ್ನ ಊಟದ ಹೊತ್ತಿಗೆ ಅಂತ ಒಂದೂವರೆಗೆ ಇಟ್ಟಿದ್ರು. ಸರ್ವರಿಂದ ಬ್ಯಾಕಪ್ ಪೆಟ್ಟಿಗೆಗೆ ಹೋಗೋದು ಹತ್ರಹತ್ರ 20 ಜಿಬಿ. 94 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 11 ಎಂಬಿ ಚಿಲ್ಲರೆ, ಲೆಕ್ಕ ಹಾಕಿದ್ರೆ ಅರ್ಧ ಗಂಟೆ. ಆ ಅರ್ಧ ಗಂಟೆ ಸರ್ವರಿನ ಒಂದೇ ಒಂದು ವೈರು ಪೂರ್ತಿ ತುಂಬಿರತ್ತೆ, ಅದೇ ವೈರಲ್ಲೇ ಎಂಟು ಜನ ಲೆಕ್ಕದ ಫೈಲನ್ನ ಓದ್ಬೇಕು. ಬೆಳ್ಳಗಾಗದೇ ಇನ್ನೇನಾಗತ್ತೆ. ಸರ್ವರೊಳಗಿನ ನೆಟ್‌ವರ್ಕ್ ಕಾರ್ಡು ಗಿಗಾಬಿಟ್ಟೇ (ಅಂದ್ರೆ 1000 ಎಂಬಿಪಿಎಸ್), ಬ್ಯಾಕಪ್ ಪೆಟ್ಟಿಗೇನೂ ಗಿಗಾಬಿಟ್ಟೇ, ನಡುವೆ ಕೂತಿರೋ ಸ್ವಿಚ್ಚೊಂದೇ ಹಳೇದು.

ಎರಡನೇ ದಿನ ಸ್ವಿಚ್ ಬಿಚ್ಚಿದೆ. ಅದು ಇದ್ದಿದ್ದು ಒಂದು ಮರದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಮೇಲೆ ದೇವರ ಫೋಟೋ, ದಿನಾ ಎರಡು ಹೊತ್ತು ಊದುಬತ್ತಿ. ಹದಿನೈದು ವರ್ಷದ ಮಸಿ, ಅಡಿಕೆ ಧೂಳು ಎರಡೂ ಸೇರಿ ಗಾಳಿ ಕಿಂಡಿಯೆಲ್ಲಾ ಕಪ್ಪಗೆ ಅಂಟಂಟಾಗಿ ಮುಚ್ಚಿಹೋಗಿತ್ತು. ಒಳಗೆ ಪವರ್ ಸಪ್ಲೈ ಬೋರ್ಡಲ್ಲಿ ಹೀಟ್‌ಸಿಂಕ್ ಪಕ್ಕ ನಿಂತಿದ್ದ ಎರಡು ಕೆಪಾಸಿಟರ್ (ಕರೆಂಟ್ ಕೂಡಿಟ್ಕೊಂಡು ಏರಿಳಿತ ತಡೆಯೋ ಪುಟ್ಟ ಡಬ್ಬಿ) ನೆತ್ತಿ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಕಲೆ. ಮಲ್ಟಿಮೀಟರ್ ಇಟ್ಟು ನೋಡಿದ್ರೆ ಯಾವ ಕೇಬಲ್ಲೂ ಹಾಕದೇ ಇದ್ದಾಗ 3.3 ವೋಲ್ಟ್ ಸರಿಯಾಗೇ ಬರ್ತಿತ್ತು, ಒಂದೊಂದೇ ಕೇಬಲ್ ಹಾಕ್ತಾ ಹೋದ ಹಾಗೆ 3.1, 3.0, 2.9, ಅಲ್ಲಿಗೆ ಎಲ್ಲಾ ಲೈಟೂ ಒಟ್ಟಿಗೇ ಆರಿ ಮತ್ತೆ ಹೊತ್ಕೊಳ್ತು. ಟೆಂಡರ್ ಹೊತ್ತಲ್ಲಿ ನೆಟ್ ಸಾಯ್ತಿದ್ದಿದ್ದು ಇದಕ್ಕೇ. ಅವಾಗ ಎಲ್ಲಾ ಕಂಪ್ಯೂಟರೂ ಒಟ್ಟಿಗೆ ಕೆಲಸದಲ್ಲಿ ಇರತ್ವಲ್ಲ, ಲೋಡ್ ಜಾಸ್ತಿಯಾಗಿ ಸ್ವಿಚ್ ಬಿದ್ದು ಎದ್ದೇಳ್ತಿತ್ತು, ಇವರು ಇಂಟರ್ನೆಟ್ ಕೊಡೋರಿಗೆ ಫೋನ್ ಮಾಡ್ತಾ ಇದ್ರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಇಂಥ ಸ್ವಿಚ್ಚಿನ ಒಳಗೇ ಪವರ್ ಸಪ್ಲೈ ಇದ್ರೆ ಅದ್ರಲ್ಲಿ ಒಂದು ದಪ್ಪ ಕೆಪಾಸಿಟರ್ ಇರತ್ತೆ, 230 ವೋಲ್ಟ್ ಎಸಿ ಡಯೋಡ್ ದಾಟಿ ಅಲ್ಲಿ 325 ವೋಲ್ಟ್ ಡಿಸಿಯಾಗಿ ಕೂತಿರತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಇರತ್ತೆ. ನಾನು ಹೋಲ್ಡರಿಗೆ ಎರಡು ವೈರ್ ಕಟ್ಟಿದ ಒಂದು ಹಳೇ 60 ವ್ಯಾಟಿನ ಬಲ್ಬು ಇಟ್ಕೊಂಡಿದೀನಿ, ಅದನ್ನ ಆ ಎರಡು ಕಾಲಿಗೆ ಮುಟ್ಟಿಸಿ ಇಳಿಸಿ, ಮೀಟರಲ್ಲಿ ಸೊನ್ನೆ ನೋಡಿದ ಮೇಲೇನೇ ಕೈ ಹಾಕೋದು. ಅಭ್ಯಾಸ ಇಲ್ಲದೋರು ದಯವಿಟ್ಟು ಇದಕ್ಕೆ ಕೈ ಹಾಕ್ಬೇಡಿ, ಗೊತ್ತಿರೋರಿಗೆ ಕೊಡಿ.

ಉಬ್ಬಿದ್ದು ಎರಡೂ 1000 ಮೈಕ್ರೋಫ್ಯಾರಡ್ 10 ವೋಲ್ಟಿನವು. ಅಷ್ಟೇ ಮೈಕ್ರೋಫ್ಯಾರಡ್, 16 ವೋಲ್ಟ್, 105 ಡಿಗ್ರಿ ರೇಟಿಂಗ್ ಇರೋ ಲೋ ಇಎಸ್ಆರ್ (ಒಳಗಿನ ತಡೆ ಕಮ್ಮಿ ಇರೋ) ಕೆಪಾಸಿಟರ್ ತಂದೆ. ಅಂಗಡೀಲಿ ಮೊದಲು 85 ಡಿಗ್ರಿದು ಕೊಟ್ರು, ವಾಪಸ್ ಕೊಟ್ಟೆ. ಬಿಸಿ ಹತ್ತು ಡಿಗ್ರಿ ಇಳಿದ್ರೆ ಈ ಕೆಪಾಸಿಟರ್ ಆಯಸ್ಸು ಹತ್ರಹತ್ರ ಎರಡು ಪಟ್ಟಾಗತ್ತೆ ಅನ್ನೋ ಲೆಕ್ಕ ಇದೆ, ಹಾಗಾಗಿ ಹೀಟ್‌ಸಿಂಕ್ ಪಕ್ಕ ಕೂರೋದಕ್ಕೆ ಅಗ್ಗದ್ದು ಹಾಕಿ ಆರು ತಿಂಗಳಿಗೆ ಮತ್ತೆ ಬಿಚ್ಚೋದ್ರಲ್ಲಿ ಅರ್ಥ ಇಲ್ಲ. ಹಾಕುವಾಗ ಬಿಳೀ ಪಟ್ಟಿ ಇರೋ ಕಡೆ ಮೈನಸ್ಸು, ಬೋರ್ಡ್ ಮೇಲಿನ ಗುರುತಿಗೆ ಎರಡ್ಸಲ ತಾಳೆ ನೋಡ್ಕೊಂಡೆ. ಬ್ರಷ್ಷಿಂದ ಧೂಳು ಕೊಡವಿ, ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಾಕಿ ಮಸಿ ಒರೆಸಿ ಮುಚ್ಚಿದೆ. ಎಲ್ಲಾ ಕೇಬಲ್ ಹಾಕಿದ್ಮೇಲೂ 3.28ರಲ್ಲೇ ನಿಂತ್ಕೊಳ್ತು. ಖರ್ಚು ನೂರು ರೂಪಾಯಿ ಒಳಗೆ.

ಸರಿ, ರಿಪೇರಿ ಆಯ್ತಲ್ಲ, ಹಾಗಾದ್ರೆ ಅದನ್ನೇ ಇಟ್ಕೊಳ್ಳೋದಾ? ಇಡೀ ಹತ್ತು ದಿನದಲ್ಲಿ ನಾನು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು ಈ ಪ್ರಶ್ನೆಗೇ. ರಿಪೇರಿಯಿಂದ ಸ್ವಿಚ್ ಬೀಳೋದು ನಿಲ್ತು, ಆದ್ರೆ ಸರ್ವರಿನ ಬಾಗಿಲು 100ರದ್ದೇ ಉಳೀತು, ಮಧ್ಯಾಹ್ನದ ಅರ್ಧ ಗಂಟೆ ಕಾಟ ರಿಪೇರಿಗೆ ಬಗ್ಗೋದಲ್ಲ. ಹಾಗಂತ ಚೆನ್ನಾಗಿ ನಡೀತಿರೋದನ್ನ ಗುಜರಿಗೆ ಹಾಕೋಕೂ ಮನಸ್ಸಿಲ್ಲ. ಕೊನೇಗೆ ಆ ನಾಲ್ಕನೇ ಪ್ರಶ್ನೆ ಕೆಲಸಕ್ಕೆ ಬಂತು. ಸರ್ವರು, ಕಂಪ್ಯೂಟರುಗಳು, ಬ್ಯಾಕಪ್ ಪೆಟ್ಟಿಗೆ ಇವುಗಳಿಗೆ 16 ಪೋರ್ಟಿನ ಹೊಸ ಗಿಗಾಬಿಟ್ ಸ್ಮಾರ್ಟ್ ಸ್ವಿಚ್ಚು. ಪ್ರಿಂಟರು, ಹಾಜರಿ ಮಷೀನು, ಕ್ಯಾಮೆರಾ ರೆಕಾರ್ಡರು ಇವೆಲ್ಲಾ ರಿಪೇರಿಯಾದ ಹಳೇ ಸ್ವಿಚ್ಚಿಗೆ. ಪಟ್ಟಿ ಒಂದು ಪ್ರಿಂಟ್ ಮಾಡೋಕೆ ಗಿಗಾಬಿಟ್ ಯಾಕೆ ಬೇಕು. ಕ್ಯಾಮೆರಾ ಒಂದಕ್ಕೆ 4 ಎಂಬಿಪಿಎಸ್ ಇಟ್ಟಿದ್ದಾರೆ, ಮುಂದಿನ ನಾಲ್ಕು ಕ್ಯಾಮೆರಾ ರೆಕಾರ್ಡರಿಗೇ ನೇರ ಹೋಗತ್ತೆ, ಗೋಡೌನಿನ ನಾಲ್ಕು ಸೇರಿದ್ರೆ 16, ಅದಕ್ಕೆ 100 ಧಾರಾಳ ಆಯ್ತು. ಹಳೇದು ನಾಳೆ ಸತ್ರೂ ಪ್ರಿಂಟರ್ ಕೇಬಲ್ಲನ್ನ ಹೊಸದರ ಖಾಲಿ ಪೋರ್ಟಿಗೆ ಚುಚ್ಚಿದ್ರೆ ಐದು ನಿಮಿಷದಲ್ಲಿ ಕೆಲಸ ಶುರು.

ಸ್ಮಾರ್ಟ್ ಸ್ವಿಚ್ ಯಾಕೆ, ಸಾದಾ ಗಿಗಾಬಿಟ್ ಸಾಲದಾ ಅಂತ ಯಜಮಾನ್ರ ಮಗ ಕೇಳಿದ. ಎರಡು ಕಾರಣ. ಒಂದು, ಯಾವ ಪೋರ್ಟಲ್ಲಿ ಎಷ್ಟು ಪ್ಯಾಕೆಟ್ ಕೆಟ್ಟು ಬರ್ತಿದೆ ಅನ್ನೋ ಎಣಿಕೆ ಅದು ತೋರಿಸತ್ತೆ, ಕೇಬಲ್ ಕೆಡೋಕೆ ಶುರುವಾದಾಗಲೇ ಗೊತ್ತಾಗತ್ತೆ. ಎರಡು, ಗುಡಿಸೋಕೆ ಬಂದೋರು ಕೆಳಗೆ ಬಿದ್ದಿರೋ ಕೇಬಲ್ ತುದೀನ ಪಾಪ ಒಳ್ಳೇದಕ್ಕೇ ಅಂತ ಖಾಲಿ ಪೋರ್ಟಿಗೆ ಚುಚ್ಚಿಬಿಡ್ತಾರೆ, ಅದ್ರ ಇನ್ನೊಂದು ತುದಿಯೂ ಅದೇ ಸ್ವಿಚ್ಚಲ್ಲಿ ಇದ್ರೆ ಲೂಪ್ ಆಗಿ ಇಡೀ ಆಫೀಸು ನಿಂತುಹೋಗತ್ತೆ. ಲೂಪ್ ಹಿಡಿಯೋ ಸ್ವಿಚ್ಚು ಆ ಪೋರ್ಟ್ ಒಂದನ್ನೇ ಮುಚ್ಚತ್ತೆ.

ಇನ್ನು ಕೇಬಲ್ಲು. ಕೊಟೇಷನ್ನಲ್ಲಿ ಜಾಸ್ತಿ ದುಡ್ಡು ಇದಕ್ಕೇ ಇತ್ತು, ನನಗೆ ಜಾಸ್ತಿ ಅನುಮಾನ ಇದ್ದಿದ್ದೂ ಇದ್ರ ಮೇಲೇನೇ. ಕೇಬಲ್ ಮೈಮೇಲೆ ಕ್ಯಾಟ್ 5ಇ ಅಂತ ಅಚ್ಚು ಇತ್ತು. ಕ್ಯಾಟ್ 5ಇ ಬಂದಿದ್ದೇ ಗಿಗಾಬಿಟ್ ಗುರಿ ಇಟ್ಕೊಂಡು, 1999ರಿಂದ 100 ಮೀಟರಿನವರೆಗೆ ಗಿಗಾಬಿಟ್ ಓಡೋ ಮಾಲು ಅದು, 2016ರಲ್ಲಿ ಬಂದ ಸ್ಟ್ಯಾಂಡರ್ಡಿನ ಪ್ರಕಾರ ಅದೇ ಕೇಬಲ್ಲಲ್ಲಿ 2.5 ಗಿಗಾಬಿಟ್ಟೂ ಹೋಗತ್ತೆ. ಈ ಆಫೀಸಲ್ಲಿ ಅತಿ ಉದ್ದದ್ದು 35 ಮೀಟರ್. ತಾಮ್ರ ಗೋಡೆ ಒಳಗೆ ಸುಮ್ನೆ ಕೂತಿದ್ರೆ ಹದಿನೈದು ವರ್ಷಕ್ಕೆ ಏನೂ ಆಗಲ್ಲ. ಕೆಡೋದು ತುದಿಗಳು. ಮಲೆನಾಡಿನ ಮಳೆಗಾಲದ ಥಂಡಿಗೆ ಪ್ಲಗ್ಗಿನ ಹಲ್ಲುಗಳು ಹಸಿರು ಹಿಡಿದಿದ್ವು, ಕೆಲವು ಕ್ಲಿಪ್ ಮುರಿದು ಪೋರ್ಟಲ್ಲಿ ಸಡಿಲವಾಗಿ ನೇತಾಡ್ತಿದ್ವು.

61 ಬರ್ತಿದ್ದ ಕಂಪ್ಯೂಟರಿನ ಕಥೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇದು ಬೇಕಾದಷ್ಟು ಆಫೀಸಲ್ಲಿ ಇರತ್ತೆ ಅಂತ ನನ್ನ ನಂಬಿಕೆ. ಎಲ್‌ಇಡಿ ಮಿನುಗೋ ಅಗ್ಗದ ಟೆಸ್ಟರ್ ಹಾಕಿ ನೋಡಿದೆ, 1ರಿಂದ 8ರವರೆಗೆ ಎಲ್ಲಾ ಹಸಿರು, ಕ್ರಮವಾಗಿ. ಟೆಸ್ಟರ್ ಪ್ರಕಾರ ಕೇಬಲ್ ಸೂಪರ್. ಆದ್ರೂ ಸ್ಪೀಡ್ ಬರ್ತಿಲ್ಲ. ಪ್ಲಗ್ಗನ್ನ ಬೆಳಕಿಗೆ ಹಿಡಿದು ಒಳಗಿನ ಬಣ್ಣ ನೋಡಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡೋಕೆ ಅಚ್ಚುಕಟ್ಟು, ಜೋಡಿ ಜೋಡಿಯಾಗಿ ಇಟ್ಟಿದ್ದಾರೆ, ಎರಡೂ ತುದೀಲೂ ಹಾಗೇ. ಆದ್ರೆ ಈಥರ್ನೆಟ್‌ನಲ್ಲಿ 3ನೇ ಪಿನ್ನು 6ನೇ ಪಿನ್ನು ಒಂದು ಜೋಡಿ. ಹೀಗೆ ಹಾಕಿದಾಗ 3ಕ್ಕೆ ಹಸಿರು ಜೋಡಿಯ ಒಂದು ಎಳೆ, 6ಕ್ಕೆ ನೀಲಿ ಜೋಡಿಯ ಒಂದು ಎಳೆ ಬಂತು. ಒಂದಕ್ಕೊಂದು ಹೊಸೆದಿರೋ ಎರಡು ಎಳೆಯಲ್ಲಿ ಸಿಗ್ನಲ್ ಹೋದ್ರೆ ಪಕ್ಕದ ಗಲಾಟೆ ಎರಡರ ಮೇಲೂ ಒಂದೇ ಸಮ ಬಿದ್ದು ಕಳೆದುಹೋಗತ್ತೆ, ಹೊಸೆಯೋದೇ ಅದಕ್ಕೆ. ಬೇರೆ ಬೇರೆ ಜೋಡಿಯಿಂದ ಒಂದೊಂದು ಎಳೆ ತಗೊಂಡ್ರೆ ಆ ಲಾಭ ಹೋಯ್ತು, ಪಕ್ಕದ ಜೋಡಿಯ ಸದ್ದು ಒಳಗೆ ನುಗ್ಗತ್ತೆ. ಇದಕ್ಕೆ ಸ್ಪ್ಲಿಟ್ ಪೇರ್ ಅಂತಾರೆ. ಟೆಸ್ಟರಿಗೆ ಎಳೆ ಈ ತುದಿಯಿಂದ ಆ ತುದಿಗೆ ಮುಟ್ಟಿದ್ರೆ ಸಾಕು, ಯಾವುದು ಯಾವುದರ ಜೊತೆ ಹೊಸೆದಿದೆ ಅನ್ನೋದು ಅದಕ್ಕೆ ಕಾಣಲ್ಲ, ಕಣ್ಣಿಗೇ ಕಾಣ್ಬೇಕು.

ಎರಡೂ ತುದಿ ಕತ್ತರಿಸಿ 568ಬಿ ಅನ್ನೋ ಸ್ಟ್ಯಾಂಡರ್ಡ್ ಕ್ರಮದಲ್ಲಿ ಹಾಕಿದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊಸೆತ ಬಿಚ್ಚಿದ್ದು ಒಂದು ಸೆಂಟಿಮೀಟರಿನಷ್ಟು ಮಾತ್ರ, ಹೊರಗಿನ ಸಿಪ್ಪೆ ಪ್ಲಗ್ಗಿನ ಒಳಗೆ ಹೋಗಿ ಕಚ್ಚಿಕೊಳ್ಳೋ ಹಾಗೆ. ಅದೇ ಕೇಬಲ್ಲು, ಅದೇ ಗೋಡೆ, ಹೊಸ ಸ್ವಿಚ್ಚಿಗೆ ಚುಚ್ಚಿದ್ರೆ 940 ಬಂತು. 61 ಇದ್ದಿದ್ದು 940. ಆ ಕ್ಷಣ ಆದ ಖುಷಿಗೆ ಗುಮಾಸ್ತರನ್ನ ಕರೆದು ತೋರಿಸಿದೆ.

10 ಎಂಬಿಪಿಎಸ್ ಇದ್ದಿದ್ದು ಬೇರೆ ಥರ. ಅಲ್ಲಿ ಯಾರೋ ಹಿಂದೆ ಕಾರ್ಡಿನ ಸೆಟ್ಟಿಂಗಲ್ಲಿ ಕೈಯಾರೆ 10 ಫುಲ್ ಡುಪ್ಲೆಕ್ಸ್ (ಕಳಿಸೋದು, ತಗೊಳ್ಳೋದು ಎರಡೂ ಒಟ್ಟಿಗೇ) ಅಂತ ಬಿಗಿದಿಟ್ಟಿದ್ರು. ಒಂದು ಕಡೆ ಹೀಗೆ ಬಿಗಿದ್ರೆ ಆ ಕಡೆಯ ಸ್ವಿಚ್ಚಿಗೆ ಮಾತುಕತೆ ಸಿಗದೇ ಅದು ಹಾಫ್ ಡುಪ್ಲೆಕ್ಸಿಗೆ (ಒಂದು ಹೊತ್ತಿಗೆ ಒಂದೇ) ಇಳಿಯತ್ತೆ, ಇಬ್ಬರ ಲೆಕ್ಕ ತಪ್ಪಿ ಇನ್ನೂ ಹಾಳಾಗತ್ತೆ. ಸೆಟ್ಟಿಂಗನ್ನ ಆಟೋಗೆ ತಂದೆ, ಲಿಂಕ್ ಬಂದು ಹೋಗಿ ಬಂದು ಹೋಗಿ ಆಡ್ತು, ಬಹುಶಃ ಅದನ್ನ ನೋಡೇ ಅವರು 10ಕ್ಕೆ ಇಳಿಸಿದ್ದು. ಕೇಬಲ್ ತುದಿ ಬಿಚ್ಚಿ ಬ್ಲೇಡಿಂದ ಎಳೆ ಕೆರೆದೆ, ಮೇಲೆ ತಾಮ್ರದ ಬಣ್ಣ, ಕೆರೆದ ಮೇಲೆ ಬೆಳ್ಳಿ ಬಣ್ಣ. ಅಲ್ಯೂಮಿನಿಯಮ್ಮಿಗೆ ತಾಮ್ರ ಬಳಿದಿದ್ದು, ಸಿಸಿಎ ಅಂತಾರಲ್ಲ ಅದು. ಬೆರಳಲ್ಲಿ ಮೂರು ಸಲ ಬಗ್ಗಿಸಿದ್ದಕ್ಕೆ ಪಟಕ್ ಅಂತ ಮುರೀತು, ಅಸಲಿ ತಾಮ್ರ ಹಾಗೆ ಮುರಿಯಲ್ಲ. ಇದು ಆಮೇಲೆ ಸೇರಿಸಿದ ಕೇಬಲ್ಲು, 2009ರದ್ದಲ್ಲ. ಹಳೇದು ಗಟ್ಟಿಯಾಗಿತ್ತು, ಹೊಸದೇ ಟೊಳ್ಳು. ಮೇಲೆ ಏನೇ ಅಚ್ಚು ಹಾಕಿರ್ಲಿ, ಸಿಸಿಎ ಯಾವ ಕ್ಯಾಟ್ ಸ್ಟ್ಯಾಂಡರ್ಡಿಗೂ ಬರಲ್ಲ, ಪಿಒಇ ಕರೆಂಟ್ (ನೆಟ್‌ವರ್ಕ್ ಕೇಬಲ್ಲಲ್ಲೇ ಕೊಡೋ ಕರೆಂಟ್) ಹಾಯಿಸಿದ್ರೆ ಬಿಸಿನೂ ಜಾಸ್ತಿ. ಅದನ್ನ ಪೂರ್ತಿ ಎಳೆದು ಹಾಕಿ ಅಪ್ಪಟ ತಾಮ್ರದ್ದು ಎಳೆದೆ.

ಒಳಗಿನ ಕ್ಯಾಬಿನ್ನಿನ ಎರಡು ಕಂಪ್ಯೂಟರು 94 ತೋರಿಸಿದ್ರೂ ಅಲ್ಲೊಂದು ಹಳೇ ಉಪಾಯ ಅಡಗಿತ್ತು. 100 ಎಂಬಿಪಿಎಸ್‌ಗೆ ನಾಲ್ಕು ಜೋಡೀಲಿ ಎರಡೇ ಜೋಡಿ ಸಾಕು, ಅದಕ್ಕೆ ಒಂದೇ ಕೇಬಲ್ ಸೀಳಿ ಎರಡೆರಡು ಜೋಡಿ ಒಂದೊಂದು ಕಂಪ್ಯೂಟರಿಗೆ ಕೊಟ್ಟಿದ್ರು. ಆ ಕಾಲಕ್ಕೆ ಜಾಣ ಕೆಲಸಾನೇ, ಆದ್ರೆ ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಗೋಡೆ ಒಡೆಯದೇ, ಆ ಕೇಬಲ್ಲನ್ನ ಮತ್ತೆ ಪೂರ್ತಿ ಒಂದು ಮಾಡಿ ಕ್ಯಾಬಿನ್ನಲ್ಲಿ ಒಂದು 5 ಪೋರ್ಟ್ ಗಿಗಾಬಿಟ್ ಸ್ವಿಚ್ ಇಟ್ಟೆ. ಇನ್ನೊಂದು ಕೇಬಲ್ಲಲ್ಲಿ ಕಂದು ಜೋಡಿ ಗೋಡೆ ತಿರುವಿನ ಒಳಗೆಲ್ಲೋ ತುಂಡಾಗಿತ್ತು, 100ಕ್ಕೆ ಆ ಜೋಡಿ ಬೇಡವಾದ್ರಿಂದ ಇಷ್ಟು ವರ್ಷ ಯಾರಿಗೂ ಗೊತ್ತೇ ಆಗಿರ್ಲಿಲ್ಲ. ಅದನ್ನ ಬದಲಾಯಿಸ್ದೆ. ಒಟ್ಟು ಹೊಸದಾಗಿ ಎಳೆದಿದ್ದು ಎರಡೇ ಕೇಬಲ್ಲು, ಬಾಕಿ ಎಲ್ಲಾ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿದ್ದು, ಅದಕ್ಕೆ ಒಂದು ಪೂರ್ತಿ ದಿನ ಹಿಡೀತು.

ರೌಟರ್ ವಿಷಯದಲ್ಲಿ ಮಾತ್ರ ನಾನು ಯೋಚನೆನೇ ಮಾಡ್ಲಿಲ್ಲ. ಅದು ನಡೀತಿತ್ತು, ಒಂದು ದಿನಾನೂ ಕೈ ಕೊಟ್ಟಿಲ್ಲ ಅಂತ ಎಲ್ಲರೂ ಹೇಳಿದ್ರು, ನಿಜಾನೇ. ಆದ್ರೆ ಕೊನೇ ಫರ್ಮ್‌ವೇರ್ ಬಂದಿದ್ದು 2016ರಲ್ಲಿ, ಲಾಗಿನ್ನು ಡಬ್ಬದ ಜೊತೆ ಬಂದ ಪಾಸ್‌ವರ್ಡೇ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಪಿನ್ ಕೊಟ್ಟು ವೈಫೈ ಸೇರೋ ವ್ಯವಸ್ಥೆ) ಆನ್ ಇತ್ತು. ಡಬ್ಲ್ಯುಪಿಎಸ್ಸಿನ ಎಂಟಂಕಿ ಪಿನ್ನನ್ನ ಎರಡು ತುಂಡಾಗಿ ಪರೀಕ್ಷೆ ಮಾಡತ್ತೆ ಅನ್ನೋದು, ಹಾಗಾಗಿ ಕೋಟಿಗಟ್ಟಲೆ ಬದಲು 11,000 ಸಲ ಪ್ರಯತ್ನ ಪಟ್ರೆ ಸಾಕು ಅನ್ನೋದು 2011ರಲ್ಲೇ ಬಯಲಾಗಿದೆ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಬಂದಿತ್ತಲ್ಲ, ಅದು ಕ್ಯಾಮೆರಾ ರೌಟರುಗಳನ್ನ ಹಿಡಿದಿದ್ದೇ ಇಂಥ ಕಂಪನಿ ಪಾಸ್‌ವರ್ಡ್ ಅರವತ್ತರಷ್ಟು ಪಟ್ಟಿ ಇಟ್ಕೊಂಡು. ಸ್ವಿಚ್ ಒಳಗಿನ ಕೆಪಾಸಿಟರ್ ಹೋದ್ರೆ ನಾನು ಬದಲಾಯಿಸ್ತೀನಿ, ಫರ್ಮ್‌ವೇರ್ ಒಳಗಿನ ತೂತನ್ನ ಕಂಪನಿ ಮುಚ್ಚದೇ ಇದ್ರೆ ನಾನು ಏನ್ ಮಾಡ್ಲಿ. ಕಂಪನಿ ಫರ್ಮ್‌ವೇರ್ ಬದಲು ಓಪನ್‌ವರ್ಟ್ ಅನ್ನೋ ಉಚಿತ ಫರ್ಮ್‌ವೇರ್ ಹಾಕ್ಬೋದಾ ಅಂತನೂ ನೋಡ್ದೆ, 4 ಎಂಬಿ ಫ್ಲ್ಯಾಶು, 32 ಎಂಬಿ ರ‍್ಯಾಮು, ಈಗಿನ ಓಪನ್‌ವರ್ಟ್ ಅದ್ರಲ್ಲಿ ಹಿಡಿಸಲ್ಲ. ಮಂಡಿಯ ದುಡ್ಡಿನ ಲೆಕ್ಕ, ಬ್ಯಾಂಕಿನ ಲಾಗಿನ್ನು ಎಲ್ಲಾ ಅದೇ ಬಾಗಿಲಿಂದ ಹೋಗೋದು. ತೆಗೆದುಬಿಟ್ಟೆ. ಬೇರೆ ಯಾರಿಗೂ ಕೊಡ್ಲಿಲ್ಲ, ರೀಸೆಟ್ ಮಾಡಿ ಇ-ವೇಸ್ಟ್ ತಗೊಳ್ಳೋರಿಗೆ ಹಾಕಿದೆ.

ಹೊಸ ವೈರ್ಡ್ ರೌಟರು, ವೈಫೈ 6 ಆಕ್ಸೆಸ್ ಪಾಯಿಂಟ್ (ವೈಫೈ ಹರಡೋ ಡಬ್ಬ) ಒಂದು, ಅಂಗಳಕ್ಕೂ ಆಫೀಸಿಗೂ ನಡುವಿನ ಗೋಡೆ ಮೇಲೆ ಎತ್ತರದಲ್ಲಿ. ಬಂದು ಹೋಗೋರ ಮೊಬೈಲಿಗೆ ಬೇರೆ ವೈಫೈ, ಬೇರೆ ವಿಎಲ್ಯಾನು (ಅದೇ ಸ್ವಿಚ್ಚಲ್ಲಿ ಬೇರೆ ಮಾಡಿದ ನೆಟ್‌ವರ್ಕು), ಸರ್ವರ್ ಅವರಿಗೆ ಕಾಣಲ್ಲ. ಐಪಿ ವಿಳಾಸದ ಸಾಲು ಹಳೇದೇ ಇಟ್ಟೆ, ಪ್ರಿಂಟರುಗಳಿಗೆಲ್ಲಾ ಕೈಯಾರೆ ವಿಳಾಸ ಕೊಟ್ಟಿದ್ರು, ಅದನ್ನೆಲ್ಲಾ ಮುಟ್ಟೋ ಕೆಲಸ ತಪ್ತು. ಬದಲಾಯಿಸೋ ದಿನ ಒಂದು ಎಡವಟ್ಟಾಯ್ತು. ಹೊಸದನ್ನ ಹಾಕಿ ಹಳೇ ರೌಟರಿನ ಇಂಟರ್ನೆಟ್ ವೈರ್ ಮಾತ್ರ ಕಿತ್ತಿದ್ದೆ, ಅದು ಇನ್ನೂ ಸ್ವಿಚ್ಚಿಗೆ ಸಿಕ್ಕಿಕೊಂಡು ವಿಳಾಸ ಹಂಚ್ತಾನೇ ಇತ್ತು, ಮೂರು ಕಂಪ್ಯೂಟರು ಅದ್ರ ಹತ್ರ ವಿಳಾಸ ತಗೊಂಡು ನೆಟ್ ಇಲ್ಲದೇ ಕೂತ್ವು. ಮುಕ್ಕಾಲು ಗಂಟೆ ಹುಡುಕಿದ್ಮೇಲೆ ಆ ಕಂಪ್ಯೂಟರುಗಳ ಗೇಟ್‌ವೇ ವಿಳಾಸ (ನೆಟ್‌ಗೆ ದಾರಿ ಕೊಡೋ ರೌಟರಿನ ವಿಳಾಸ) ನೋಡಿ ಗೊತ್ತಾಯ್ತು. ಹಳೇ ರೌಟರ್ ತೆಗೆಯೋರು ಮೊದಲು ಅದ್ರ ಕರೆಂಟ್ ಪ್ಲಗ್ಗೇ ಕೀಳಿ.

ಕೊನೇದು ಗೋಡೌನಿನ ಲೈನು. ಅಂಗಳದ ಮೇಲೆ ಕಂಬದಿಂದ ಕಂಬಕ್ಕೆ 60 ಮೀಟರ್ ತಾಮ್ರದ ಕೇಬಲ್ ಎಳೆದಿದ್ರು. ಏಪ್ರಿಲ್-ಮೇ ಗುಡುಗು ಮಳೆಗೆ ಗೋಡೌನಿನ ಸ್ವಿಚ್ಚು ಎರಡು ಸಲ ಸುಟ್ಟಿದೆ, ಹಳೇ ಸ್ವಿಚ್ಚಿನ 23, 24ನೇ ಪೋರ್ಟ್ ಹಾಳಾಗಿ ಕೆಂಪು ಟೇಪ್ ಅಂಟಿಸಿದ್ದೂ ಅದೇ ಕಾರಣಕ್ಕೆ. ನೇರವಾಗಿ ಸಿಡಿಲು ಬಡೀಬೇಕಂತೇನಿಲ್ಲ. ಎರಡು ಕಟ್ಟಡ, ಎರಡು ಅರ್ಥಿಂಗು, ಹತ್ತಿರದಲ್ಲಿ ಎಲ್ಲೋ ಸಿಡಿಲು ಬಿದ್ರೂ ಆ ಎರಡು ಅರ್ಥಿನ ನಡುವೆ ಒಂದು ಕ್ಷಣ ಸಾವಿರಾರು ವೋಲ್ಟ್ ವ್ಯತ್ಯಾಸ ಬರತ್ತೆ, ಪೋರ್ಟಿನ ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆಯೋದು 1500 ವೋಲ್ಟ್ ಲೆಕ್ಕಕ್ಕೆ. ಇದಕ್ಕೆ ಎಷ್ಟು ಒಳ್ಳೇ ಸ್ವಿಚ್ ತಂದಿಟ್ರೂ ಮುಂದಿನ ಬೇಸಿಗೇಲಿ ಸುಡೋದೇ. ಲೋಹವೇ ಇರಬಾರದು, ಫೈಬರ್ ಹಾಕ್ಬೇಕು.

ಸಿಂಗಲ್ ಮೋಡ್ ಫೈಬರು, ಎರಡು ತುದೀಲಿ ಮೀಡಿಯಾ ಕನ್ವರ್ಟರು (ಬೆಳಕಿನ ಸಿಗ್ನಲ್ಲನ್ನ ತಾಮ್ರದ ಕೇಬಲ್ಲಿಗೆ ಬದಲಾಯಿಸೋ ಡಬ್ಬ). ಒಂದೇ ಎಳೆಯಲ್ಲಿ ಹೋಗೋಕೆ 1310, ಬರೋಕೆ 1550 ನ್ಯಾನೋಮೀಟರ್ ಬೆಳಕು ಬಳಸೋ ಜೋಡಿ ತಗೊಂಡೆ. ಕೇಬಲ್ ತರೋವಾಗ ಹುಷಾರಾಗಿರ್ಬೇಕು. ಮನೆಗೆ ಫೈಬರ್ ಎಳೆಯೋರು ಬಳಸೋ ಚಪ್ಪಟೆ ಡ್ರಾಪ್ ಕೇಬಲ್ಲಲ್ಲಿ ಎಳೆಯೋಕೆ ಆಧಾರ ಅಂತ ಒಂದು ಸ್ಟೀಲ್ ತಂತಿ ಇರತ್ತೆ, ಕೆಲವದರಲ್ಲಿ ಫೈಬರ್ ಅಕ್ಕಪಕ್ಕದ ಕಡ್ಡಿಗಳೂ ಸ್ಟೀಲೇ. ಅದನ್ನ ಹಾಗೇ ಒಳಗೆ ತಂದ್ರೆ ಮತ್ತೆ ಲೋಹವೇ ಬಂದ ಹಾಗಾಯ್ತು. ಕಡ್ಡಿ ಎಫ್ಆರ್‌ಪಿದು (ನಾರು ಸೇರಿಸಿದ ಗಟ್ಟಿ ಪ್ಲಾಸ್ಟಿಕ್) ಇರೋ ಕೇಬಲ್ ಕೇಳಿ ತಂದೆ, ಅಯಸ್ಕಾಂತ ಹಿಡಿದು ನೋಡಿ ಖಾತ್ರಿ ಮಾಡ್ಕೊಂಡೆ. ಹೊರಗಿನ ಆಧಾರದ ತಂತಿಯನ್ನ ಎರಡೂ ಕಡೆ ಹೊರಗೋಡೆಯ ಕೊಕ್ಕೆಗೇ ಕಟ್ಟಿ ಅಲ್ಲೇ ಕತ್ತರಿಸಿ, ಫೈಬರ್ ಮಾತ್ರ ಒಳಗೆ ತಗೊಂಡೆ. ಸ್ಪ್ಲೈಸಿಂಗ್ (ಫೈಬರ್ ಬೆಸೆಯೋ) ಮಷೀನ್ ಇರೋ ಹುಡುಗ ಒಬ್ಬ ಬಂದು ಎರಡು ಗಂಟೇಲಿ ಜೋಡಿಸಿ ಕೊಟ್ಟ. ಕೂದಲಿಗಿಂತ ಸ್ವಲ್ಪ ದಪ್ಪ ಗಾಜಿನ ಎಳೆ ಎರಡು ಸ್ಕ್ರೀನ್ ಮೇಲೆ ಎದುರು ಬದುರು ಬಂದು ಒಂದು ಕಿಡಿಗೆ ಕರಗಿ ಒಂದಾಗೋದನ್ನ ಹಮಾಲರೆಲ್ಲಾ ಸುತ್ತ ನಿಂತು ನೋಡಿದ್ರು. ಗೋಡೌನಿನ ಪಿಒಇ ಸ್ವಿಚ್ಚು ಇನ್ನೂ ಹೊಸದೇ, 100ರದ್ದು, ಅದನ್ನ ಹಾಗೇ ಬಿಟ್ಟೆ.

ಖರ್ಚು ಹೇಳ್ತೀನಿ, ನಾನು ತಂದ ರೇಟಲ್ಲಿ. 16 ಪೋರ್ಟ್ ಸ್ವಿಚ್ 8,500, ಚಿಕ್ಕ ಸ್ವಿಚ್ 1,200, ರೌಟರ್ 6,000, ಆಕ್ಸೆಸ್ ಪಾಯಿಂಟ್ 7,500, ಫೈಬರ್ ಕೇಬಲ್, ಕನ್ವರ್ಟರ್, ಸ್ಪ್ಲೈಸಿಂಗ್ ಸೇರಿ 4,800, ತಾಮ್ರದ ಕೇಬಲ್ಲು ಪ್ಲಗ್ಗು 3,200, ಗೋಡೆಗೆ ಹಾಕೋ ಗಾಳಿಯಾಡೋ ಕಬ್ಬಿಣದ ಪುಟ್ಟ ರ‍್ಯಾಕು ಮತ್ತೆ ಸಣ್ಣಪುಟ್ಟದ್ದು 4,500. ಕೂಡಿದ್ರೆ 35,700, ನನ್ನ ಮಜೂರಿ ಬೇರೆ. ಅವರ ಆಡಿಟರು ಕಂಪ್ಯೂಟರ್ ಜೊತೆ ಸೇರಿಸಿ 40% ಡಿಪ್ರಿಸಿಯೇಷನ್ ಹಾಕ್ತೀನಿ, ಜುಲೈನಲ್ಲೇ ಹಾಕಿದ್ರಿಂದ ವರ್ಷದಲ್ಲಿ 180 ದಿನ ದಾಟತ್ತೆ, ಅರ್ಧ ಅಲ್ಲ ಪೂರ್ತಿ ಸಿಗತ್ತೆ ಅಂದ್ರು, ಯಜಮಾನ್ರಿಗೆ ಅದೊಂದು ಸಮಾಧಾನ.

ರ‍್ಯಾಕನ್ನ ದೇವರ ಫೋಟೋದಿಂದ ಎದುರುಗೋಡೆಗೆ ಹಾಕಿದೀನಿ, ಪೂಜೆಗೂ ಅಡ್ಡಿ ಇಲ್ಲ, ಮಸಿಯೂ ಬರಲ್ಲ. ಪ್ರತಿ ಕೇಬಲ್ ಎರಡೂ ತುದಿಗೆ ನಂಬರ್, ಬಾಗಿಲ ಒಳಗೆ ಒಂದು ಹಾಳೆ, ಯಾವ ನಂಬರ್ ಯಾವ ಟೇಬಲ್ಲಿಗೆ ಅಂತ ಕನ್ನಡದಲ್ಲೇ ಬರೆದಿದೀನಿ, ನಾನು ಊರಲ್ಲಿ ಇಲ್ದೇ ಇದ್ರೂ ಗುಮಾಸ್ತರು ಫೋನಲ್ಲಿ ಹೇಳಿದ್ದನ್ನ ಮಾಡೋ ಹಾಗೆ. ಮಧ್ಯಾಹ್ನದ ಬ್ಯಾಕಪ್ಪು ಈಗ ಐದು ನಿಮಿಷದೊಳಗೆ ಮುಗೀತಿದೆ, ಈಗ ತಡೆಯೋದು ಬ್ಯಾಕಪ್ ಪೆಟ್ಟಿಗೆಯ ಡಿಸ್ಕು, ನೆಟ್‌ವರ್ಕ್ ಅಲ್ಲ. ಸ್ವಿಚ್ಚಿನ ಪೋರ್ಟ್ ಎಣಿಕೇಲಿ ಕೆಟ್ಟ ಪ್ಯಾಕೆಟ್ ಎಲ್ಲಾ ಕಡೆ ಸೊನ್ನೆ, 7ನೇ ಪೋರ್ಟಲ್ಲಿ ಮಾತ್ರ ಮೂರು ವಾರಕ್ಕೆ 12 ಬಂದಿದೆ, ಅದ್ರ ಗೋಡೆ ಕಡೆ ಪ್ಲಗ್ಗನ್ನ ಇನ್ನೊಂದ್ಸಲ ನೋಡ್ಬೇಕು.

ಬಾಕಿ ಇರೋದು ಆಫೀಸಿನ ಅರ್ಥ್ ಪಿಟ್ಟು. ಅಳೆದ್ರೆ ತೀರಾ ಜಾಸ್ತಿ ಓಮ್ ತೋರಿಸ್ತಿದೆ, ಉಪ್ಪು ಇದ್ದಿಲು ಹಾಕಿ ಎಷ್ಟು ವರ್ಷ ಆಯ್ತೋ ಯಾರಿಗೂ ನೆನಪಿಲ್ಲ. ಎಲೆಕ್ಟ್ರಿಷಿಯನ್ನಿಗೆ ಹೇಳಿದೀನಿ, ಅಡಿಕೆ ಸೀಸನ್ ಮುಗಿದು ಮೊದಲ ಗುಡುಗು ಮಳೆ ಬರೋದ್ರೊಳಗೆ ಹೊಸ ಪಿಟ್ ತೋಡಿಸಬೇಕು.